ಕಲಿತದ್ದು, ಕಲಿಸಿದ್ದು, ಕಾಯ್ದಿಟ್ಟದ್ದು: ಇತಿಹಾಸ ಪ್ರಾಧ್ಯಾಪಕರ ಕಾಗದಪತ್ರಗಳು



ಪ್ರಭುಲಿಂಗೇಶ್ವರನ ಈ ಚಿಮ್ಮಡದಲ್ಲಿ ನಿಂತು ಮಾತಾಡಲು ನನ್ನನ್ನು ಕರೆದಿದ್ದೀರಿ. ತಲೆಮಾರುಗಳ ಮಕ್ಕಳಿಗೆ ಅಕ್ಷರ ಕಲಿಸಿದ ಹಿರಿಯ ಶಿಕ್ಷಕರೊಬ್ಬರ ನೆನಪಿಗೆ ಅವರ ಮನೆಯವರು ಇಟ್ಟ ದತ್ತಿ ಇದು. ಅಸಲು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಬಡ್ಡಿಯಿಂದ ವರ್ಷಕ್ಕೊಮ್ಮೆ ಇಂಥ ಸಭೆ ನಡೆಯುತ್ತದೆ. ಹಣದ ವಿಷಯದಲ್ಲಿ ಅಸಲನ್ನು ಮುಟ್ಟಬಾರದು ಎಂಬ ಎಚ್ಚರ ನಮಗೆಲ್ಲ ಇದೆ. ವಿದ್ಯೆಯ ವಿಷಯದಲ್ಲೂ ಒಂದು ಅಸಲು ಇರುತ್ತದೆ. ಪ್ರಾಧ್ಯಾಪಕರು ಬರೆದ ಪುಸ್ತಕಗಳು ಬಡ್ಡಿ. ಅವರು ಕಲಿಯುವಾಗ ಬರೆದುಕೊಂಡ ಟಿಪ್ಪಣಿ, ಕಲಿಸುವಾಗ ತುಂಬಿಸಿದ ವಹಿ, ಬಂದ ಪತ್ರ, ತೆಗೆದ ಪಡಿಯಚ್ಚು, ಇವು ಅಸಲು. ಈ ಅಸಲಿನ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಒಂದು ಟ್ರಂಕು

ನನಗೆ ಇತಿಹಾಸ ಕಲಿಸಿದ ಗುರುಗಳು ಈ ಭಾಗದವರೇ. ತಮ್ಮ ಹೆಸರು ಎಲ್ಲಿಯೂ ಬರುವುದು ಅವರಿಗೆ ಬೇಕಿರಲಿಲ್ಲ. ಆದ್ದರಿಂದ ಇಲ್ಲಿಯೂ ಅವರನ್ನು ಗುರುಗಳು ಎಂದಷ್ಟೇ ಕರೆಯುತ್ತೇನೆ. ಅವರು ತೀರಿಕೊಂಡ ಮೇಲೆ ಅವರ ಮಗಳು ನನ್ನನ್ನು ಕರೆಸಿ, ‘ಅಪ್ಪಾರ ಕಾಗದ ಅದಾವ್ರಿ, ನೋಡ್ರಿ, ಬ್ಯಾಡಂದ್ರ ರದ್ದಿಗೆ ಹಾಕತೀವಿ’ ಎಂದರು. ಅಟ್ಟದ ಮೇಲಿಂದ ಒಂದು ತಗಡಿನ ಟ್ರಂಕು ಇಳಿಯಿತು. ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಹಳೆಯ ಕಾಗದದ ವಾಸನೆ.

ಮೇಲಿನ ಪದರದಲ್ಲಿ ಪಾಠದ ವಹಿಗಳು. ಅದರ ಕೆಳಗೆ ಕೆಂಪು ರುಮಾಲಿನಲ್ಲಿ ಕಟ್ಟಿದ ಶಾಸನದ ಪಡಿಯಚ್ಚುಗಳು. ಒಂದು ಬದಿಗೆ ಬಿಸ್ಕತ್ತಿನ ಡಬ್ಬಿಗಳಲ್ಲಿ ನೂರಾರು ಚೀಟಿ. ಲಗ್ನಪತ್ರಿಕೆಗಳ ಹಿಂಬದಿಯನ್ನು ಒಂದೇ ಅಳತೆಗೆ ಕತ್ತರಿಸಿ ಮಾಡಿದ ಚೀಟಿಗಳು ಅವು. ಮುಂದೆ ವಧು-ವರರ ಹೆಸರು, ಹಿಂದೆ ಚಾಲುಕ್ಯ, ರಟ್ಟ, ಸೇವುಣ. ತಳದಲ್ಲಿ ಪ್ರಶ್ನೆಪತ್ರಿಕೆಗಳು, ಹಾಜರಿ ಪುಸ್ತಕಗಳು, ಪ್ರವಾಸದ ಖರ್ಚಿನ ಲೆಕ್ಕ, ವಿದ್ಯಾರ್ಥಿಗಳ ಪತ್ರಗಳು.

ಹಾಜರಿ ಪುಸ್ತಕವನ್ನು ಇಡುವುದೇಕೆ ಎಂದು ಗುರುಗಳ ಮಗಳು ಕೇಳಿದರು. ನಾನು ಒಂದು ಪುಟ ತೆರೆದು ತೋರಿಸಿದೆ. ಕೆಲವು ಹೆಸರುಗಳ ಮುಂದೆ ಗುರುಗಳು ಪೆನ್ಸಿಲಿನಲ್ಲಿ ಸಣ್ಣಗೆ ‘ಮಗ್ಗ’ ಎಂದು ಬರೆದಿದ್ದರು. ಇನ್ನು ಕೆಲವರ ಮುಂದೆ ‘ಕಬ್ಬು’. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗ ಯಾವ ತಿಂಗಳು ಮಗ್ಗಕ್ಕೆ ಕೂತ, ಹಳ್ಳಿಯ ಹುಡುಗ ಯಾವಾಗ ಕಬ್ಬು ಕಡಿಯಲು ಹೋದ ಎಂಬ ಲೆಕ್ಕ ಅದು. ಈ ಸೀಮೆಯಲ್ಲಿ ಕಾಲೇಜು ವಿದ್ಯೆ ಯಾರ ಕೈಗೆ ಎಷ್ಟು ದಿನ ಸಿಕ್ಕಿತು ಎಂದು ಮುಂದೊಮ್ಮೆ ಯಾರಾದರೂ ಬರೆಯುವುದಾದರೆ ಈ ಎರಡು ಪದಗಳು ಅವರಿಗೆ ದಾರಿ ತೋರಿಸುತ್ತವೆ. ಅದನ್ನು ನೋಡಿದ ಮೇಲೆ ಆಕೆ ರದ್ದಿಯ ಮಾತು ಎತ್ತಲಿಲ್ಲ.

ತೇರದಾಳದ ಕಲ್ಲು

ರುಮಾಲಿನ ಗಂಟು ಬಿಚ್ಚಿದಾಗ ಮೊದಲು ಸಿಕ್ಕಿದ್ದು ತೇರದಾಳದ ಪಡಿಯಚ್ಚು. ಅದನ್ನು ತೆಗೆಯುವ ಬಗೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಲ್ಲನ್ನು ನೀರು ಹಾಕಿ ಉಜ್ಜಿ ತೊಳೆಯಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿಯಬೇಕು. ಕಾಗದ ಅಕ್ಷರದ ಕುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಸುಲಿದು ತೆಗೆಯಬೇಕು. ಗಾಳಿ ಬೀಸಿದರೆ ಕೆಲಸ ಕೆಟ್ಟಿತು.

ತೇರದಾಳದ ಗೊಂಕ ಜಿನಾಲಯದ ಶಾಸನ ಶಕ 1045, ಅಂದರೆ ಕ್ರಿ.ಶ. 1123ರ ಹೊತ್ತಿನದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲ. ಮಾಂಡಲಿಕ ಗೊಂಕನಿಗೆ ಹಾವು ಕಡಿದಾಗ ಜಿನಭಕ್ತಿಯೇ ಅವನ ಪ್ರಾಣ ಉಳಿಸಿತೆಂದು ಶಾಸನ ಹೇಳುತ್ತದೆ. ಸರಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಇದನ್ನು 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ 14ನೆಯ ಸಂಪುಟದಲ್ಲಿ ಪ್ರಕಟಿಸಿದರು. ಮುಂದೆ ಕರ್ನಾಟಕದ ಜೈನ ಇತಿಹಾಸ ಬರೆದವರಿಗೆಲ್ಲ ಈ ಕಲ್ಲು ಬೇಕಾಯಿತು.

ಗುರುಗಳ ಪಡಿಯಚ್ಚಿನ ಜೊತೆ ಒಂದು ಲಗ್ನಪತ್ರಿಕೆಯ ಚೀಟಿ ಇತ್ತು. ಫ್ಲೀಟರು ಓದಿದ ಒಂದು ಅಕ್ಷರದ ಬಗ್ಗೆ ಗುರುಗಳಿಗೆ ಸಂಶಯ ಬಂದಿತ್ತು. ಆ ಅಕ್ಷರ ಬರೆದು, ಮುಂದೆ ಪ್ರಶ್ನೆಚಿಹ್ನೆ ಹಾಕಿ, ಕೆಳಗೆ ‘ಕಲ್ಲು ಮತ್ತೆ ನೋಡಬೇಕು’ ಎಂದು ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಅದರ ಕೆಳಗೆ ಕಪ್ಪು ಶಾಯಿಯಲ್ಲಿ ಇನ್ನೊಂದು ಸಾಲು: ‘ನೋಡಿದೆ. ಫ್ಲೀಟರದೇ ಸರಿ.’

ಆ ಚೀಟಿಯನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಕೂತಿದ್ದೆ. ತನ್ನ ಸಂಶಯ ತಪ್ಪಾದಾಗ ಯಾರೂ ಅದನ್ನು ಲೇಖನ ಮಾಡುವುದಿಲ್ಲ. ಅಚ್ಚಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಬಸ್ಸು ಹತ್ತಿ ಹೋಗಿ, ಬಿಸಿಲಲ್ಲಿ ನಿಂತು, ಕಲ್ಲಿನ ಮುಂದೆ ತನ್ನ ಮಾತನ್ನು ಹಿಂದಕ್ಕೆ ಪಡೆದದ್ದು ಸಂಶೋಧನೆಯ ಬಹು ದೊಡ್ಡ ಭಾಗ. ಚೀಟಿ ಹೋಗಿದ್ದರೆ ಇನ್ನೊಬ್ಬ ವಿದ್ಯಾರ್ಥಿ ಅದೇ ಸಂಶಯ ಹೊತ್ತು ಅದೇ ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತು.

ಮೂರು ಸಂಸ್ಥಾನಗಳ ನಡುವೆ

ನಮ್ಮ ಸೀಮೆಯ ಇತಿಹಾಸ ಬರೆಯುವವರಿಗೆ ಇನ್ನೊಂದು ತೊಡಕಿದೆ. ಹಿಂದೆ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಮತ್ತು ತೇರದಾಳ ಸಾಂಗಲಿಯವು, ಮಹಾಲಿಂಗಪುರ ಮುಧೋಳದ್ದು. ಒಂದು ಎತ್ತಿನ ಗಾಡಿ ಬೆಳಗಿನಿಂದ ಸಂಜೆಯೊಳಗೆ ಮೂರು ರಾಜ್ಯ ದಾಟಬಹುದಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಪ್ರತಿ ಸಲ ಗಡಿ ಸರಿದಾಗ ದಫ್ತರಗಳೂ ಸರಿದವು. ಬಹಳಷ್ಟು ಕಾಗದ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿದೆ. ಈ ಭಾಗದ ಒಂದು ಹಳ್ಳಿಯ ಇನಾಮು ಜಮೀನಿನ ಕತೆ ಹುಡುಕುವವರು ಕೊಲ್ಲಾಪುರ, ಪುಣೆ, ಮುಂಬಯಿ, ಧಾರವಾಡ, ಬೆಂಗಳೂರು ಸುತ್ತಬೇಕಾಗುತ್ತದೆ.

ಈ ಕಾಗದಗಳ ಬೆಲೆ ಮೊದಲು ಅರಿತವರಲ್ಲಿ ಒಬ್ಬರು ಮಿರಜದ ಶಾಲಾ ಶಿಕ್ಷಕರು ಎಂಬುದನ್ನು ನಾನು ಹೆಮ್ಮೆಯಿಂದ ನೆನೆಯುತ್ತೇನೆ. ವಾಸುದೇವಶಾಸ್ತ್ರಿ ಖರೆ ಅಲ್ಲಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಪಟವರ್ಧನ ರಾಜಮನೆತನದ ದಫ್ತರದ ಪತ್ರಗಳನ್ನು ಓದಿ, ಪ್ರತಿ ಮಾಡಿ, 1897ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ ಎಂಬ ಸಂಪುಟಗಳಾಗಿ ಹೊರತಂದರು. 1924ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಉಸಿರಾಗಿತ್ತು. ಜಮಖಂಡಿಯ ಅರಸರೂ ಪಟವರ್ಧನರ ಮನೆತನದವರೇ. ಹೈದರಾಲಿ, ಟಿಪ್ಪು, ಪೇಶ್ವೆಯರ ಕಾಲದಲ್ಲಿ ಕೃಷ್ಣೆಯ ದಕ್ಷಿಣಕ್ಕೆ ನಡೆದದ್ದನ್ನು ತಿಳಿಯಲು ಇಂದಿಗೂ ಆ ಸಂಪುಟಗಳನ್ನು ತೆರೆಯಬೇಕು. ಅದೇ ಕಾಲದಲ್ಲಿ ವಿ. ಕಾ. ರಾಜವಾಡೆ ಊರೂರು ಅಲೆದು, ವಾಡೆಗಳ ಮೂಲೆಯ ಗಂಟುಗಳಿಂದ ಮರಾಠರ ಇತಿಹಾಸದ ಸಾಧನಗಳನ್ನು 22 ಸಂಪುಟಗಳಲ್ಲಿ ಕಟ್ಟಿಕೊಟ್ಟರು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿದ್ದು ಅವರ ಈ ಹಂಬಲದಿಂದ.

ಸಂಬಳದ ಮಾಸ್ತರಿಕೆ ಮಾಡುತ್ತಲೇ ರಾಜಮನೆತನದ ಕಾಗದ ಉಳಿಸಿದವರು ಖರೆಯವರು. ಮಾಸ್ತರರ ಕಾಗದವನ್ನು ಉಳಿಸುವ ಸರದಿ ಈಗ ನಮ್ಮದು.

ಪತ್ರ ಮತ್ತು ತರಗತಿ

ಪ್ರಾಧ್ಯಾಪಕರ ಕಾಗದ ಉಳಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಜದುನಾಥ ಸರ್ಕಾರರದು. ಪಟನಾ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಔರಂಗಜೇಬನ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದವರು ಅವರು. 1686ರಲ್ಲಿ ನಮ್ಮ ವಿಜಾಪುರ ಬಿದ್ದ ಕತೆಯೂ ಅದರಲ್ಲಿದೆ. ಪೇಶ್ವೆ ದಫ್ತರದಿಂದ 45 ಸಂಪುಟಗಳ ಆಯ್ಕೆ ಹೊರತಂದ ಗೋವಿಂದ ಸಖಾರಾಮ ಸರದೇಸಾಯರು ಅವರ ಜೀವದ ಗೆಳೆಯರು. ಇಬ್ಬರೂ ದಶಕಗಳ ಕಾಲ ಒಬ್ಬರಿಗೊಬ್ಬರು ಬರೆದ ಪತ್ರಗಳು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ. ದೀಪೇಶ್ ಚಕ್ರವರ್ತಿಯವರು ಆ ಪತ್ರಗಳನ್ನು ಓದಿ 2015ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಹಸ್ತಪ್ರತಿ ನೋಡಲು ಯಾರು ಬಿಟ್ಟರು, ಯಾರು ಬಿಡಲಿಲ್ಲ, ಯಾವ ಪತ್ರ ನಂಬಬೇಕು, ಯಾವುದು ಖೋಟಾ ಎಂದು ಇಬ್ಬರು ಹಿರಿಯರು ತಲೆ ಕೆಡಿಸಿಕೊಂಡದ್ದೆಲ್ಲ ಆ ಪತ್ರಗಳಲ್ಲಿದೆ. ಭಾರತದಲ್ಲಿ ಇತಿಹಾಸವೆಂಬ ಶಾಸ್ತ್ರ ಹೇಗೆ ಬೆಳೆಯಿತು ಎಂಬುದು ನಮಗೆ ತಿಳಿದದ್ದು ಅವರ ಅಚ್ಚಾದ ಸಂಪುಟಗಳಿಗಿಂತ ಹೆಚ್ಚಾಗಿ ಈ ಪತ್ರಗಳಿಂದ.

ಕನ್ನಡದ ಕಡೆ ಬಂದರೆ ಮೈಸೂರಿನ ಮಹಾರಾಜ ಕಾಲೇಜಿನ ಎಸ್. ಶ್ರೀಕಂಠಶಾಸ್ತ್ರಿಗಳಿದ್ದಾರೆ. 1904ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, 1974ರಲ್ಲಿ ತೀರಿಕೊಂಡವರು. ಕರ್ನಾಟಕ ಇತಿಹಾಸದ ಆಕರಗಳನ್ನು ಕಲೆಹಾಕಿ 1940ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಕೊಟ್ಟರು. 1954ರಲ್ಲಿ ‘ಭಾರತೀಯ ಸಂಸ್ಕೃತಿ’ಯನ್ನು ಕನ್ನಡದಲ್ಲಿ ಕೊಟ್ಟರು. ರೋಮಿನ ಇತಿಹಾಸವನ್ನೂ ಕನ್ನಡದ ವಿದ್ಯಾರ್ಥಿಗೆ ಕನ್ನಡದಲ್ಲೇ ಹೇಳಿದರು. ಹತ್ತಾರು ಪತ್ರಿಕೆಗಳಲ್ಲಿ ಚೆದುರಿದ್ದ ಅವರ ಬರಹಗಳನ್ನು ಮನೆಯವರೇ ಒಟ್ಟುಮಾಡಿ ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇರಿಸಿದ್ದಾರೆ. ದೊಡ್ಡ ಸಂಸ್ಥೆಯೊಂದು ಬಂದು ಮಾಡಲಿ ಎಂದು ಅವರು ಕಾಯಲಿಲ್ಲ. ಚಿಮ್ಮಡದಂಥ ಊರಿನಲ್ಲಿ ಕುಳಿತವರಿಗೆ ಇದಕ್ಕಿಂತ ಹೆಚ್ಚು ಧೈರ್ಯ ಕೊಡುವ ಮಾದರಿ ಬೇಕಿಲ್ಲ.

ತರಗತಿಯ ಮಾತು ಎಷ್ಟು ಬೇಗ ಕರಗುತ್ತದೆ, ಬರೆದಿಟ್ಟರೆ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಜಮಖಂಡಿಯ ಮಣ್ಣಿನ ಮಗನೇ ಸಾಕ್ಷಿ. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕನ್ನಡದ ಅನುಭಾವ ಸಾಹಿತ್ಯದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಕೊಟ್ಟ ಉಪನ್ಯಾಸಗಳು, 1957ರಲ್ಲಿ ನಿಂಬಾಳದಲ್ಲಿ ಅವರು ದೇಹ ಬಿಟ್ಟ ಮೇಲೆ, 1960ರಲ್ಲಿ ಪುಸ್ತಕವಾಗಿ ಬಂದವು. ಶಿಷ್ಯರು ಉಪನ್ಯಾಸವನ್ನು ಜೋಪಾನ ಮಾಡದಿದ್ದರೆ ಆ ಪುಸ್ತಕ ಇರುತ್ತಿರಲಿಲ್ಲ.

ಕರಾವಳಿಯ ಪಿ. ಗುರುರಾಜ ಭಟ್ಟರ ಹೆಸರನ್ನೂ ಇಲ್ಲಿ ಹೇಳಬೇಕು. ಕಾಲೇಜಿನಲ್ಲಿ ಕಲಿಸುತ್ತಲೇ ತುಳುನಾಡಿನ ಗುಡಿಗುಡಿಗೂ ಹೋಗಿ, ಮೂರ್ತಿಗಳ ಚಿತ್ರ ತೆಗೆದು, 1975ರಲ್ಲಿ ತುಳುವ ಇತಿಹಾಸ-ಸಂಸ್ಕೃತಿಯ ಮೇಲೆ ಬೃಹತ್ ಗ್ರಂಥ ಹೊರತಂದರು. ಗುಡಿಗಳು ಜೀರ್ಣೋದ್ಧಾರವಾಗುತ್ತವೆ, ಹಳೆಯ ಗೋಡೆ ಬೀಳುತ್ತದೆ, ಮೂರ್ತಿ ಬದಲಾಗುತ್ತದೆ. ಆಗ ಹಳೆಯ ಗುಡಿ ಉಳಿಯುವುದು ಇಂಥ ಪ್ರಾಧ್ಯಾಪಕರ ಚಿತ್ರದಲ್ಲಿ ಮಾತ್ರ.

ಹಲಗಲಿಯ ಮೂರು ಪದ

ಮತ್ತೆ ಟ್ರಂಕಿಗೆ ಬರುತ್ತೇನೆ. ಅದರಲ್ಲಿದ್ದ ಒಂದು ಪಾಠದ ವಹಿಯ ಮೇಲೆ ‘1857’ ಎಂದಿದೆ. ಗುರುಗಳು ಅದೇ ವಹಿಯನ್ನು ಬಹಳ ವರ್ಷ ಬಳಸಿದ್ದಾರೆ. ಮುಧೋಳ ತಾಲೂಕಿನ ಹಲಗಲಿಯ ಬೇಡರ ಪಾಠ ಬರುವ ಪುಟದಲ್ಲಿ ಮೊದಲು ದಪ್ಪ ಅಕ್ಷರದಲ್ಲಿ ‘ಹಲಗಲಿಯ ದಂಗೆ’ ಎಂದು ಬರೆದಿದ್ದರು. ಆಮೇಲೆ ‘ದಂಗೆ’ಗೆ ಕಾಟು ಹಾಕಿ ಮೇಲೆ ‘ಬಂಡಾಯ’ ಎಂದಿದ್ದಾರೆ. ಅದಕ್ಕೂ ಕಾಟು ಹಾಕಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಹೋರಾಟ’ ಎಂದಿದ್ದಾರೆ.

ಈ ಮೂರು ಪದಗಳ ನಡುವೆ ಒಬ್ಬ ಮಾಸ್ತರರ ಜೀವನವೇ ಇದೆ. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಲು ಹೇಳಿತು. ಬೇಟೆ, ಕಾವಲು, ಮಾನ ಮೂರಕ್ಕೂ ಆಯುಧವನ್ನೇ ನಂಬಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಊರನ್ನು ಮುತ್ತಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಸರಕಾರದ ಕಾಗದದಲ್ಲಿ ಅದು ದಂಗೆ. ಗುರುಗಳು ಓದುವಾಗ ಪಠ್ಯದಲ್ಲಿಯೂ ದಂಗೆ. ಆದರೆ ಜನ ಅದನ್ನು ಲಾವಣಿ ಕಟ್ಟಿ ಹಾಡಿಕೊಂಡಿದ್ದರು. ಆ ಲಾವಣಿಯನ್ನು ಫ್ಲೀಟರೇ 1885ರಿಂದ ಪ್ರಕಟಿಸಿದ ಕನ್ನಡ ಲಾವಣಿಗಳ ಸಾಲಿನಲ್ಲಿ ಸೇರಿಸಿದರು. ಕಂಪನಿಯನ್ನು ಹಿಂಬಾಲಿಸಿ ಬಂದ ಸರಕಾರದ ಅಧಿಕಾರಿಯೇ ಕಂಪನಿಯ ವಿರುದ್ಧದ ಹಾಡನ್ನು ಉಳಿಸಿದರು.

ವಹಿಯ ಅಂಚಿನಲ್ಲಿ ಗುರುಗಳು ಬರೆದ ಒಂದು ಟಿಪ್ಪಣಿ ‘ಬಂಡಾಯ’ ಬಂದದ್ದು ಹೇಗೆ ಎಂದು ಹೇಳುತ್ತದೆ. ಹಲಗಲಿ ಕಡೆಯ ಒಬ್ಬ ವಿದ್ಯಾರ್ಥಿ ತರಗತಿಯಲ್ಲಿ ಎದ್ದು ನಿಂತು, ‘ನಮ್ಮ ಮನ್ಯಾಗ ಅದನ್ನ ದಂಗೆ ಅನ್ನಂಗಿಲ್ರಿ’ ಎಂದನಂತೆ. ಗುರುಗಳು ಅವನ ಮಾತನ್ನು ಹಾಗೇ ಬರೆದುಕೊಂಡು ತಾರೀಖು ಹಾಕಿದ್ದಾರೆ. ಮರುವರ್ಷದ ಪ್ರಶ್ನೆಪತ್ರಿಕೆಯಲ್ಲಿ ದಂಗೆ ಎಂಬ ಪದ ಇಲ್ಲ.

ಅವರು ಮುಂದೆ ಈ ವಿಷಯದ ಮೇಲೆ ಬರೆದ ಲೇಖನದಲ್ಲಿ ಇರುವುದು ‘ಹೋರಾಟ’ ಒಂದೇ. ಲೇಖನ ಓದಿದವರಿಗೆ ಅದು ಅವರ ಅಭಿಪ್ರಾಯ. ವಹಿ ಓದಿದವರಿಗೆ ಅದು ಅವರು ನಡೆದು ಬಂದ ದಾರಿ, ಮತ್ತು ಆ ದಾರಿಯಲ್ಲಿ ಅವರನ್ನು ತಿರುಗಿಸಿದ ಒಬ್ಬ ಹುಡುಗ. ಕಲಿಸುವವರು ಕಲಿಯುವವರಿಂದ ಕಲಿತದ್ದಕ್ಕೆ ಅಚ್ಚಿನಲ್ಲಿ ಪುರಾವೆ ಸಿಗುವುದು ಅಪರೂಪ. ಪಾಠದ ವಹಿಗಳನ್ನು ಕಾಪಾಡಿರಿ ಎಂದು ನಾನು ಹೋದಲ್ಲೆಲ್ಲ ಕೇಳುವುದು ಇದಕ್ಕಾಗಿ.

ಕಾಯುವ ಕ್ರಮ

ಕಾಯುವುದಕ್ಕೂ ಒಂದು ಶಿಸ್ತು ಬೇಕು. ಅದನ್ನು ನಾನು ತಪ್ಪು ಮಾಡಿ ಕಲಿತೆ. ಟ್ರಂಕು ಬಂದ ವಾರವೇ ಉತ್ಸಾಹದಿಂದ ಬಿಸ್ಕತ್ತಿನ ಡಬ್ಬಿಗಳ ಚೀಟಿಗಳನ್ನೆಲ್ಲ ಹೊರಹಾಕಿ, ಚಾಲುಕ್ಯರದು ಒಂದು ಕಡೆ, ರಟ್ಟರದು ಒಂದು ಕಡೆ ಎಂದು ವಿಷಯವಾರು ಜೋಡಿಸಿದೆ. ಆಮೇಲೆ ಒಂದು ಚೀಟಿಯಲ್ಲಿ ‘ಹಿಂದಿನ ಚೀಟಿ ನೋಡು’ ಎಂದಿತ್ತು. ಹಿಂದಿನದು ಯಾವುದು ಎಂದು ತಿಳಿಯುವ ದಾರಿ ನನ್ನ ಕೈಯಿಂದಲೇ ಮುಚ್ಚಿತ್ತು. ಅವರು ಯಾವ ಯೋಚನೆಯಿಂದ ಯಾವ ಯೋಚನೆಗೆ ಹೋದರು ಎಂಬುದು ಆ ಡಬ್ಬಿಯ ಕ್ರಮದಲ್ಲಿ ಇತ್ತು. ಪತ್ರಾಗಾರದವರು ಮೊದಲ ಪಾಠವಾಗಿ ಹೇಳುವುದು ಇದನ್ನೇ: ಇದ್ದದ್ದು ಇದ್ದ ಹಾಗೆ ಇರಲಿ. ಆ ನಷ್ಟವನ್ನು ನಾನು ತುಂಬಿಕೊಡಲಾರೆ. ನೀವು ಹಾಗೆ ಮಾಡದಿರಲಿ ಎಂದು ಹೇಳಬಲ್ಲೆ.

ಮನೆಯಲ್ಲೇ ಮಾಡಬಹುದಾದ ಕೆಲಸ ಹೀಗಿದೆ. ಗಂಟು ಬಿಚ್ಚುವ ಮೊದಲೇ ಅದರ ಫೋಟೋ ತೆಗೆಯಿರಿ. ಪ್ರತಿ ಕಟ್ಟಿಗೂ ಒಂದು ಅಂಕಿ ಕೊಡಿ. ಒಂದು ವಹಿಯಲ್ಲಿ ಅಂಕಿ, ಏನಿದೆ, ಯಾವ ವರ್ಷದ್ದು, ಎಷ್ಟು ಹಾಳೆ ಎಂದು ನಾಲ್ಕು ಕಲಂ ಹಾಕಿ ಪಟ್ಟಿ ಮಾಡಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನು, ರಬ್ಬರ್ ಬ್ಯಾಂಡುಗಳನ್ನು ಮೆಲ್ಲಗೆ ತೆಗೆದು ನೂಲಿನ ಪಟ್ಟಿಯಿಂದ ಸಡಿಲಾಗಿ ಕಟ್ಟಿ. ಹರಿದ ಹಾಳೆಗೆ ಸೆಲೋಟೇಪು ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗದು. ಪೇಪರಿನ ಕತ್ತರಿಕೆಗಳು ಬೇಗ ಪುಡಿಯಾಗುವುದರಿಂದ ಅವುಗಳ ಝೆರಾಕ್ಸ್ ತೆಗೆಸಿ ಜೊತೆಗಿಡಿ. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಬಳಸಿ, ಚಿತ್ರಕ್ಕೆ ಪಟ್ಟಿಯ ಅಂಕಿಯನ್ನೇ ಹೆಸರಾಗಿ ಕೊಡಿ. ಫೋಟೋ ಆಯಿತೆಂದು ಮೂಲವನ್ನು ಎಸೆಯಬೇಡಿ. ಶಾಯಿಯ ಬಣ್ಣ, ಕಾಗದದ ಹಿಂಬದಿ, ಒತ್ತಿ ಬರೆದ ಗೆರೆ, ಇವು ಮೂಲದಲ್ಲಿಯೇ ಇರುತ್ತವೆ.

ಇನ್ನೊಂದು ಎಚ್ಚರ ನೈತಿಕವಾದದ್ದು. ವಿದ್ಯಾರ್ಥಿಯೊಬ್ಬ ಬಡತನದ ಕಷ್ಟ ಹೇಳಿಕೊಂಡು ಬರೆದ ಪತ್ರ, ಯಾರದೋ ಅಂಕಪಟ್ಟಿ, ಮನೆಯೊಳಗಿನ ಮಾತು, ಇವೂ ಆ ಟ್ರಂಕಿನಲ್ಲಿವೆ. ಬದುಕಿರುವವರ ಮಾನ ದೊಡ್ಡದು. ಅಂಥ ಕಟ್ಟುಗಳನ್ನು ಬೇರೆ ಗುರುತು ಹಾಕಿ, ಇಷ್ಟು ವರ್ಷ ತೆರೆಯಬಾರದು ಎಂದು ಬರೆದಿಡಬೇಕು. ಯಾವುದಾದರೂ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಡುವಾಗ ಏನು ಕೊಟ್ಟೆವು, ಯಾವ ಷರತ್ತಿಗೆ ಕೊಟ್ಟೆವು ಎಂಬ ಕಾಗದಕ್ಕೆ ಎರಡೂ ಕಡೆಯವರ ಸಹಿ ಇರಲಿ, ಪಟ್ಟಿಯ ಒಂದು ಪ್ರತಿ ಮನೆಯಲ್ಲಿರಲಿ. ಒಮ್ಮೆ ಒಂದು ಕಾಲೇಜಿನಲ್ಲಿ ಕೋಣೆ ಖಾಲಿ ಮಾಡುವಾಗ ಹಿರಿಯ ಪ್ರಾಧ್ಯಾಪಕರೊಬ್ಬರು ದಾನ ಕೊಟ್ಟ ಕಟ್ಟುಗಳು ತೂಕದ ಲೆಕ್ಕದಲ್ಲಿ ರದ್ದಿಗೆ ಹೋದದ್ದನ್ನು ನಾನು ಕಂಡಿದ್ದೇನೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಪಟ್ಟಿ ಇರಲಿಲ್ಲ, ಅಷ್ಟೇ.

ಕೊನೆಯ ಮಾತು

ಬಂಧುಗಳೇ, ಇತಿಹಾಸ ಪ್ರಾಧ್ಯಾಪಕರೆಂದರೆ ವಿಶ್ವವಿದ್ಯಾಲಯದಲ್ಲಿ ಇದ್ದವರೇ ಆಗಬೇಕಿಲ್ಲ. ಊರ ಶಾಲೆಯಲ್ಲಿ ಕಲಿಸುತ್ತ, ಬಾವಿಯ ಪಕ್ಕದ ವೀರಗಲ್ಲನ್ನು ಮಕ್ಕಳಿಗೆ ತೋರಿಸಿ, ಮನೆಗೆ ಬಂದು ಅದರ ಚಿತ್ರ ಬರೆದಿಟ್ಟ ಮಾಸ್ತರರು ಈ ಸುತ್ತಿನ ಹಳ್ಳಿಗಳಲ್ಲಿ ಇದ್ದರು. ಅವರ ವಹಿಗಳು ಎಲ್ಲೋ ಅಟ್ಟದ ಮೇಲಿವೆ. ಈ ದತ್ತಿ ಯಾರ ನೆನಪಿಗಾಗಿ ಇದೆಯೋ ಆ ಹಿರಿಯರ ಬರಹಗಳೂ ಅವರ ಮನೆಯಲ್ಲಿರಬಹುದು. ಮುಂದಿನ ವರ್ಷದ ಉಪನ್ಯಾಸಕ್ಕೆ ಮೊದಲು ಅವುಗಳ ಪಟ್ಟಿ ಆಗಲಿ ಎಂದು ಅವರ ಮನೆಯವರನ್ನು ಕೈಮುಗಿದು ಕೇಳುತ್ತೇನೆ. ಬರೆಯಲು ಕೂರುವ ಕೆಲಸಕ್ಕೆ ನಾನೂ ಬರುತ್ತೇನೆ.

ನನ್ನ ಗುರುಗಳ ಟ್ರಂಕಿನ ಪಟ್ಟಿ ಈಗ ಮುಗಿದಿದೆ. ಕೊನೆಯ ಅಂಕಿ ಕೊಟ್ಟದ್ದು ಆ ‘1857’ ವಹಿಗೆ. ಏನಿದೆ ಎಂಬ ಕಲಂನಲ್ಲಿ ಮೂರೂ ಪದಗಳನ್ನು, ಕಾಟು ಹಾಕಿದ್ದನ್ನೂ ಸೇರಿಸಿ, ಹಾಗೇ ಬರೆದಿದ್ದೇನೆ.

ಇನ್ನು ಮಹಾನವಮಿ ಬರುತ್ತದೆ. ಮನೆ ಸಾರಿಸಿ, ಹಾಸಿಗೆ-ಹೊದಿಕೆ ಒಗೆದು, ಅಟ್ಟದ ಮೇಲಿನ ಗಂಟುಗಳನ್ನು ಕೆಳಗಿಳಿಸುತ್ತೀರಿ. ಬಾಗಿಲಲ್ಲಿ ರದ್ದಿಯವನ ತಕ್ಕಡಿ ಇರುತ್ತದೆ. ಅದಕ್ಕೆ ಹಾಕುವ ಮೊದಲು ಒಂದು ಗಂಟು ಬಿಚ್ಚಿ, ಒಳಗೆ ಯಾರ ಕೈಬರಹವಿದೆ ಎಂದು ನೋಡಿರಿ.